ಹೆಸರಿಲ್ಲದ ಕುಸಿತ, ಗೋಕಾಕದ ನೆರೆ

ಗೋಕಾಕದಿಂದ ಅರಬ್ಬಿ ಸಮುದ್ರ ನೂರು ಕಿ.ಮೀ.ಗೂ ಹೆಚ್ಚು ದೂರ; ನಡುವೆ ಸಹ್ಯಾದ್ರಿಯ ಗೋಡೆ. ಬಂಗಾಳ ಕೊಲ್ಲಿಯಂತೂ ದೇಶದ ಇನ್ನೊಂದು ಅಂಚು. ಹೀಗಿರುವಾಗ ಕಡಲಿನ ಬಿರುಗಾಳಿಗೂ ಘಟಪ್ರಭೆಯ ದಂಡೆಯ ಈ ಊರಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. 2019ರ ಆಗಸ್ಟ್ ತಿಂಗಳು ಅದಕ್ಕೆ ಉತ್ತರ ನೀಡಿದೆ.

ಆ ತಿಂಗಳ 7ರಂದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವೊಂದು ಒಡಿಶಾದ ಬಾಲಸೋರ್ ಬಳಿ ದಡ ಸೇರಿತು. ಗಾಳಿಯ ವೇಗ ಚಂಡಮಾರುತದ ಮಟ್ಟ ಮುಟ್ಟದ ಕಾರಣ ಅದಕ್ಕೆ ಹೆಸರೂ ಇರಲಿಲ್ಲ. ಆದರೆ ಇಂಥ ಕುಸಿತ ಮಧ್ಯ ಭಾರತದತ್ತ ಸರಿಯುವಾಗ ಅರಬ್ಬಿ ಸಮುದ್ರದ ತೇವ ಹೊತ್ತ ಪಡುವಣ ಗಾಳಿಗೆ ಬಲ ಬರುತ್ತದೆ. ಆ ಗಾಳಿ ಸಹ್ಯಾದ್ರಿಗೆ ಬಡಿದು, ಮೇಲೇರಿ ತಣಿದು, ಮಳೆಯಾಗಿ ಸುರಿಯುತ್ತದೆ. ಆ ವಾರ ಆದದ್ದೂ ಇದೇ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಿಂದ ಬಿಟ್ಟ ನೀರಿಗೆ ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ಪ್ರವಾಹವೂ ಕೂಡಿ ಗೋಕಾಕದ ತಗ್ಗು ಬಡಾವಣೆಗಳು ಮುಳುಗಿದವು. ಮೂಡಲಗಿ ತಾಲ್ಲೂಕಿನ ನದಿದಂಡೆಯ ಹಳ್ಳಿಗಳ ಜನ ಮನೆಮಠ ತೊರೆಯಬೇಕಾಯಿತು. ಅದೇ ವರ್ಷದ ಬೇಸಿಗೆಯಲ್ಲಿ ಉತ್ತರ ಕರ್ನಾಟಕ ಬರದಿಂದ ಬಳಲಿತ್ತು ಎಂಬುದನ್ನು ಮರೆಯುವಂತಿಲ್ಲ.

ಜಗತ್ತಿನ ಸಾಗರಗಳಲ್ಲಿ ವರ್ಷಕ್ಕೆ ಸರಾಸರಿ ಎಂಬತ್ತಕ್ಕೂ ಹೆಚ್ಚು ಉಷ್ಣವಲಯದ ಚಂಡಮಾರುತಗಳು ಹುಟ್ಟುತ್ತವೆ. ಮಯಾಮಿ, ಟೋಕಿಯೊ, ನವದೆಹಲಿ ಮೊದಲಾದ ಕೇಂದ್ರಗಳು ಒಂದೊಂದು ಕಡಲಪ್ರದೇಶದ ಹೊಣೆ ಹೊತ್ತು ಅವುಗಳ ಬೆನ್ನು ಹತ್ತುತ್ತವೆ. ಉಪಗ್ರಹ ಚಿತ್ರದಲ್ಲಿ ಮೋಡದ ಸುರುಳಿಯ ಆಕಾರ ನೋಡಿ ಬಿರುಸನ್ನು ಅಂದಾಜಿಸುವ ವಿಧಾನ 1970ರ ದಶಕದಿಂದಲೂ ಬಳಕೆಯಲ್ಲಿದೆ. ನಮ್ಮ ಕಡಲುಗಳಲ್ಲಿ ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಅದು ಚಂಡಮಾರುತ. 13 ರಾಷ್ಟ್ರಗಳು ಸೂಚಿಸಿದ ಪಟ್ಟಿಯಿಂದ ಅದಕ್ಕೊಂದು ಹೆಸರು. ಈ ನಿಗಾದ ಫಲ ಕಣ್ಣೆದುರಿಗಿದೆ. ಒಡಿಶಾದಲ್ಲಿ 1999ರ ಮಹಾ ಚಂಡಮಾರುತ ಸುಮಾರು ಹತ್ತು ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. 2019ರ ಫೋನಿ ಬರುವ ಮುನ್ನ ಅಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಯಿತು.

ಆದರೆ ಗಾಳಿ ದಡ ಸೇರಿ ಸೊರಗಿದೊಡನೆ ನಮ್ಮ ಆಸಕ್ತಿಯೂ ಸೊರಗುತ್ತದೆ. ನೀರಿಗೆ ಈ ಲೆಕ್ಕ ತಿಳಿಯದು. 2020ರ ಅಕ್ಟೋಬರ್ 13ರಂದು ಕಾಕಿನಾಡ ಬಳಿ ದಡ ದಾಟಿದ ಕುಸಿತಕ್ಕೂ ಹೆಸರಿರಲಿಲ್ಲ. ಅದು ತೆಲಂಗಾಣ, ಉತ್ತರ ಕರ್ನಾಟಕ, ಮಹಾರಾಷ್ಟ್ರಗಳ ಮೇಲೆ ಹಾದು ಅರಬ್ಬಿ ಸಮುದ್ರ ತಲುಪಿತು; ಭೀಮಾ ತೀರ ಮುಳುಗಿತು.

ಒಳನಾಡಿಗೆ ಬೇಕಾದದ್ದು ಗಾಳಿಯ ಮುನ್ಸೂಚನೆಯಷ್ಟೇ ಅಲ್ಲ, ನೀರಿನದು. ಹಿಡಕಲ್ ಜಲಾಶಯದ ಸಾಮರ್ಥ್ಯ 51 ಟಿಎಂಸಿ ಅಡಿ. ಅದು ತುಂಬದಿದ್ದರೆ ಕಾಲುವೆ ನಂಬಿದ ರೈತನಿಗೆ ಸಂಕಷ್ಟ. ಬೇಗ ತುಂಬಿಬಿಟ್ಟರೆ ಕೆಳಗಿನ ಊರುಗಳಿಗೆ ಗಂಡಾಂತರ. ಯಾವಾಗ ಹಿಡಿದಿಡಬೇಕು, ಯಾವಾಗ ಮೊದಲೇ ಹೊರಬಿಡಬೇಕು ಎಂಬ ಈ ಇಕ್ಕಟ್ಟಿನಲ್ಲಿ ಎಂಜಿನಿಯರರಿಗೆ ಕೊಲ್ಲಿಯ ಕುಸಿತದ ಸುದ್ದಿ ಕೆಲವು ದಿನಗಳ ಕಾಲಾವಕಾಶ ಕೊಡಬಲ್ಲದು. ಮಳೆ ಸುರಿಯುವ ನೆತ್ತಿ ಬಹುಪಾಲು ಮಹಾರಾಷ್ಟ್ರದಲ್ಲಿದೆ. ನೀರು ನುಗ್ಗುವ ಬೀದಿಗಳು ಕರ್ನಾಟಕದಲ್ಲಿವೆ. ಆದ್ದರಿಂದ ಮಳೆಮಾಪಕದ ಅಂಕಿಗಳು ಗಡಿಯಲ್ಲಿ ತಡೆಯಿಲ್ಲದೆ ಹರಿದುಬರಬೇಕು. ಗ್ರಾಮ ಪಂಚಾಯಿತಿ ಮಟ್ಟದವರೆಗೆ ಮಳೆ ಅಳೆಯುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ. ಆ ಅಂಕಿಗಳು ‘ಇಷ್ಟು ಕ್ಯುಸೆಕ್’ ಎಂಬ ಪ್ರಕಟಣೆಯಾಗಿ ಉಳಿದರೆ ಸಾಲದು. ಯಾವ ಓಣಿಗೆ, ಎಷ್ಟು ಹೊತ್ತಿಗೆ, ಎಷ್ಟು ನೀರು ಎಂಬ ಮಾತಾಗಿ ಜನರನ್ನು ಮುಟ್ಟಬೇಕು.

ಸಾವಿರಾರು ಮೈಲಿ ಆಚೆಯ ಸುಳಿಯನ್ನು ಗಂಟೆಗಂಟೆಗೂ ಗುರುತಿಸುವ ವಿಜ್ಞಾನ ನಮ್ಮ ಕೈಯಲ್ಲಿದೆ. ಅದು ಲೋಳಸೂರ ಸೇತುವೆಯವರೆಗೂ ಬರಲಿ. ದನಕರುಗಳ ಹಗ್ಗ ಬಿಚ್ಚಲು, ಕಾಳಿನ ಚೀಲವನ್ನು ಮಾಳಿಗೆಗೆ ಏರಿಸಲು, ವೃದ್ಧರನ್ನು ಹಗಲಿನಲ್ಲೇ ಸಾಗಿಸಲು ಬೇಕಾದ ಹೊತ್ತು ಸಿಕ್ಕರೆ ದಂಡೆಯ ಜನಕ್ಕೆ ಅದೇ ದೊಡ್ಡ ಆಸರೆ.