ಬೀದಿಯನ್ನು ಅಗೆಯದೆ ಕೊಳಾಯಿ ಹೂಳುವ ವಿದ್ಯೆ

ಬೀದಿಯ ಉದ್ದಕ್ಕೂ ಕಂದಕವನ್ನು ತೋಡಿ, ಕೊಳಾಯಿಯನ್ನಿಳಿಸಿ, ಮಣ್ಣು ಮುಚ್ಚಿ, ಮುಂದಿನ ಮಳೆಗಾಲದಲ್ಲಿ ಆ ಮಣ್ಣೇ ಕುಸಿದು ಗಾಡಿಗಳ ಚಕ್ರಗಳು ಹೂತುಕೊಳ್ಳುವ ದೃಶ್ಯವು ನಮ್ಮ ಪಟ್ಟಣವಾಸಿಗಳಿಗೆ ಅಪೂರ್ವವಾದುದಲ್ಲ. ಈಗ ಬೀದಿಯ ಈ ತುದಿಯಲ್ಲೊಂದು, ಆ ತುದಿಯಲ್ಲೊಂದು ಸಣ್ಣ ಗುಣಿಯನ್ನು ಮಾತ್ರ ತೆಗೆದು, ನಡುವಣ ನೆಲವನ್ನು ಕದಲಿಸದೆಯೇ ಕೊಳಾಯಿಯನ್ನು ಹಾಯಿಸುವ ವಿದ್ಯೆಯು ಬಳಕೆಗೆ ಬಂದಿದೆ. ಇದರ ಗುಣವು ಎಲ್ಲರಿಗೂ ಕಾಣುವುದು. ದೋಷವು ಮಾತ್ರ ನೆಲದೊಳಗೇ ಅಡಗಿರುವುದು. ಆದುದರಿಂದ ಗೃಹಸ್ಥರು ಇದರ ಮರ್ಮವನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಆಲೋಚನೆಯೇನೋ ಹೊಸದಲ್ಲ. ಮಹಾಭಾರತದ ಆದಿಪರ್ವದಲ್ಲಿ ವಿದುರನು ಕಳುಹಿದ ಖನಕನು ಅರಗಿನ ಮನೆಯಡಿಯಲ್ಲಿ ಬಿಲವನ್ನು ತೋಡಿ, ಪುರೋಚನನಿಗೆ ತಿಳಿಯದಂತೆ ಅದರ ಬಾಯಿಯನ್ನು ಹಲಗೆಗಳಿಂದ ಮುಚ್ಚಿದನಷ್ಟೆ. ಆದರೆ ಆತನು ತಾನೇ ಒಳಗಿಳಿದು ದಾರಿಯನ್ನು ಕಂಡುಕೊಂಡವನು. ಈಗಿನ ಖನಕನಾದರೋ ಹೊರಗೆ ನಿಂತು, ಕಣ್ಣಿಗೆ ಕಾಣದ ಬೈರಿಗೆಯನ್ನು ನಡೆಸತಕ್ಕವನು. ಕಷ್ಟವಿರುವುದು ಅಲ್ಲಿಯೇ.

1971ರಲ್ಲಿ ಅಮೆರಿಕೆಯ ಕ್ಯಾಲಿಫೋರ್ನಿಯಾ ಸಂಸ್ಥಾನದ ವಾಟ್ಸನ್‌ವಿಲ್ ಎಂಬ ಊರಿನ ಬಳಿ ಮಾರ್ಟಿನ್ ಚೆರಿಂಗ್ಟನ್ ಎಂಬಾತನು ಪಾಹರೋ ನದಿಯ ಅಡಿಯಲ್ಲಿ 4 ಅಂಗುಲದ ಅನಿಲದ ಕೊಳಾಯಿಯನ್ನು ಹಾಯಿಸಿದನು. ಬೇಕಾದತ್ತ ತಿರುಗಿಸಬಲ್ಲ ಬೈರಿಗೆಯಿಂದ ನದಿಯನ್ನು ದಾಟಿದ ಕಾರ್ಯಗಳಲ್ಲಿ ಇದೇ ಮೊದಲನೆಯದೆಂದು ಎಣಿಸುತ್ತಾರೆ. ನೀರಿನ ಕೊಳಾಯಿಗೂ ಈಗ ಅದೇ ಕ್ರಮವುಂಟು. ಯಂತ್ರವು ಓರೆಯಾಗಿ ನಿಂತು ಉಕ್ಕಿನ ಸಲಾಕೆಗಳನ್ನು ಒಂದರ ಹಿಂದೊಂದಾಗಿ ಜೋಡಿಸುತ್ತ ಒಳಕ್ಕೆ ನೂಕುವುದು. ಬೈರಿಗೆಯ ಮೊನೆಯು ಓರೆಯಾಗಿ ಕೆತ್ತಿದ ಜೊಂಡಿನ ಲೇಖನಿಯಂತಿರುವುದು. ತಿರುಗಿಸುತ್ತ ನೂಕಿದರೆ ನೇರವಾಗಿ ಸಾಗುವುದು, ತಿರುಗಿಸದೆ ನೂಕಿದರೆ ಒಂದು ಪಕ್ಕಕ್ಕೆ ಬಾಗುವುದು. ಮೊನೆಯಲ್ಲಿಟ್ಟ ಸಣ್ಣ ಪ್ರೇಷಕಯಂತ್ರವು ರೇಡಿಯೋ ಸಂಕೇತಗಳನ್ನು ಕಳುಹುತ್ತಿರಲು, ಬೀದಿಯ ಮೇಲೆ ಗ್ರಾಹಕಯಂತ್ರವನ್ನು ಹಿಡಿದು ನಡೆಯುವವನು ಅದರ ಸ್ಥಳವನ್ನೂ ಆಳವನ್ನೂ ಕೂಗಿ ಹೇಳುವನು. ಬೆಂಟೊನೈಟ್ ಎಂಬ ಜೇಡಿಮಣ್ಣನ್ನು ಕದಡಿದ ನೀರು ಒಳಗೆ ಹರಿಯುತ್ತ ಕೊರೆದ ಮಣ್ಣನ್ನು ಹೊರಕ್ಕೆ ತರುವುದು. ಬಿಲದ ಗೋಡೆಯು ಕುಸಿಯದಂತೆ ಹಿಡಿದಿಡುವುದೂ ಅದೇ. ಮೊನೆಯು ಆಚೆಯ ಗುಣಿಯಲ್ಲಿ ತಲೆಯೆತ್ತಿದ ಮೇಲೆ ಅದನ್ನು ಕಳಚಿ, ಅಗಲವಾದ ಕೊರೆಯುವ ತಲೆಯನ್ನು ಕಟ್ಟಿ ಹಿಂದಕ್ಕೆಳೆಯುವರು. ರಂಧ್ರವು ಕೊಳಾಯಿಯ ಒಂದೂವರೆಯಷ್ಟು ಅಗಲವಾದರೆ ಸಾಮಾನ್ಯವಾಗಿ ಸಾಕು. ಪ್ಲಾಸ್ಟಿಕ್ಕಿನ ಕೊಳಾಯಿಯ ತುಂಡುಗಳ ತುದಿಗಳನ್ನು ಕಾಯಿಸಿ ಒಂದಕ್ಕೊಂದು ಬೆಸೆದು, ಹಾವಿನಂತೆ ಉದ್ದವಾದ ಅದನ್ನು ಕೊನೆಗೆ ಒಳಕ್ಕೆಳೆದುಕೊಳ್ಳುವರು. ಮನೆಮನೆಗೆ ಕವಲು ಕೊಡುವಾಗ ಮಾತ್ರ ಒಂದೊಂದು ಸಣ್ಣ ಗುಣಿ ತಪ್ಪದು.

ಬೆಂಗಳೂರಿನ ಕೆಂಪುಮಣ್ಣಿನಲ್ಲಿ ಬೈರಿಗೆ ಸಲೀಸಾಗಿ ಹೋದೀತು. ಆದರೆ ಲಾಲ್‌ಬಾಗಿನಲ್ಲಿ ತಲೆಯೆತ್ತಿ ನಿಂತಿರುವ ಬಂಡೆಯ ಬಳಗವು ಊರಿನ ಕೆಳಗೆಲ್ಲ ಹಬ್ಬಿದೆ. ಗುಂಡುಕಲ್ಲೊಂದು ಅಡ್ಡ ಬಂದರೆ ಮೊನೆಯು ಜಾರಿ ಪಕ್ಕಕ್ಕೆ ಹೊರಳುವುದು.

ಹೊರಳಿದಲ್ಲಿ ಏನಿರುವುದೋ! 1976ರ ಆಗಸ್ಟ್ ತಿಂಗಳಲ್ಲಿ ಅಮೆರಿಕೆಯ ವಿಸ್ಕಾನ್ಸಿನ್ ಸಂಸ್ಥಾನದ ಕೆನೋಷಾ ಎಂಬ ಪಟ್ಟಣದಲ್ಲಿ ಮನೆಯೊಂದು ಸಿಡಿದು ಇಬ್ಬರು ಮಡಿದರು. ಹೀಗೆಯೇ ಕೊರೆದು ಹಾಯಿಸಿದ್ದ ಅನಿಲದ ಕೊಳಾಯಿಯು ಆ ಮನೆಯ ಒಳಚರಂಡಿಯನ್ನು ತೂರಿಕೊಂಡು ಹೋಗಿದ್ದುದು ಯಾರಿಗೂ ತಿಳಿದಿರಲಿಲ್ಲ. ಕಟ್ಟಿಕೊಂಡ ಚರಂಡಿಯನ್ನು ಬಿಡಿಸಲು ಹಾಕಿದ ತಿರುಗುವ ಸಾಧನವು ಕೊಳಾಯಿಯನ್ನೇ ತೂತುಮಾಡಿತು. ಕಂದಕವನ್ನು ತೋಡಿದ್ದರೆ ಚರಂಡಿಯು ಆಳುಗಳ ಕಣ್ಣಿಗೆ ಬೀಳುತ್ತಿತ್ತು.

ನೀರಿನ ಕೊಳಾಯಿಯು ಸಿಡಿಯುವುದಿಲ್ಲವೆಂದು ವಾಚಕರು ಸಮಾಧಾನಪಡಬಹುದು. ನಮಗೆ ಆ ಸಮಾಧಾನವಿಲ್ಲ. ನಮ್ಮ ಊರುಗಳಲ್ಲಿ ನೀರು ಬರುವುದು ದಿನಕ್ಕೆ ಕೆಲವು ಗಂಟೆ. ಅನೇಕ ಕಡೆ ದಿನ ಬಿಟ್ಟು ದಿನ. ನೀರು ನಿಂತಾಗ ಕೊಳಾಯಿಯಲ್ಲಿ ಒತ್ತಡವಿಳಿದು, ಸೀಳೊಂದಿದ್ದರೆ ಹೊರಗಿನ ದ್ರವವು ಒಳಕ್ಕೆ ಸೇರುವುದು. ಆ ಹೊರಗು ಒಳಚರಂಡಿಯೇ ಆಗಿದ್ದರೆ, ಮರುದಿನ ಕೊಡಕ್ಕೆ ಬೀಳುವುದೇನೆಂದು ಹೇಳಬೇಕಾಗಿಲ್ಲ.

ಆದಕಾರಣ ಕೊರೆಯುವ ಮುನ್ನ ಹಳೆಯ ನಕ್ಷೆಗಳನ್ನು ನೋಡಬೇಕು. ರೇಡಾರ್ ಯಂತ್ರದಿಂದ ನೆಲವನ್ನು ಶೋಧಿಸಬೇಕು. ಸಂದೇಹವಿದ್ದಲ್ಲಿ ಒಂದು ಗುಣಿಯನ್ನು ತೆಗೆದು ಕಣ್ಣಾರೆ ಕಾಣಬೇಕು. 2023ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರವು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಮೊಬೈಲ್ ಆ್ಯಪನ್ನು ಹೊರಡಿಸಿತು. ಅಗೆಯುವವನು ಅದರ ಮೂಲಕ ನೆಲದಡಿಯ ತಂತಿ ಕೊಳಾಯಿಗಳ ಒಡೆಯರಿಗೆ ಮುಂಚಿತವಾಗಿ ತಿಳಿಸಬಹುದು. ಒಳ್ಳೆಯ ಏರ್ಪಾಡೇ ಸರಿ. ಆದರೆ ಒಡೆಯನ ಕಡತದಲ್ಲೇ ಕೊಳಾಯಿಯ ಜಾಡಿಲ್ಲದಿದ್ದರೆ ಅವನು ಏನೆಂದು ಉತ್ತರಕೊಟ್ಟಾನು? ಇಂದು ಎಳೆದ ಕೊಳಾಯಿಯು ಎಲ್ಲಿ ಎಷ್ಟು ಆಳದಲ್ಲಿದೆಯೆಂಬುದನ್ನು ಇಂದೇ ಬರೆದಿಡದೆ ಹಣ ಪಾವತಿ ಮಾಡಕೂಡದೆಂಬುದು ನಮ್ಮ ಅಭಿಪ್ರಾಯ.

ಇನ್ನು ಮನೆಯವರ ಪಾಲಿನ ಕೆಲಸ. ನಿಮ್ಮ ಬೀದಿಯಲ್ಲಿ ಕೊರೆಯುವವರು ಬಂದರೆ, ಮನೆಯ ಒಳಚರಂಡಿಯು ಹೊರಬೀಳುವ ಸ್ಥಳವನ್ನು ಅವರಿಗೆ ತೋರಿಸಿರಿ. ಆ ಬಳಿಕ ಚರಂಡಿಯು ಕಟ್ಟಿಕೊಂಡರೆ, ಬೀದಿಯಲ್ಲಿ ಹೊಸ ಕೊಳಾಯಿಯನ್ನು ಕೊರೆದು ಹಾಯಿಸಿದ್ದಾರೆಂಬುದನ್ನು ಅದನ್ನು ಬಿಡಿಸಲು ಬಂದವನಿಗೆ ಮೊದಲೇ ತಿಳಿಸಿರಿ. ಸಲಾಕೆಯನ್ನು ತೂರಿಸುವ ಮೊದಲು ಕ್ಯಾಮೆರಾವನ್ನು ಒಳಗೆ ಬಿಟ್ಟು ನೋಡಲು ಈಗ ಅನುಕೂಲವುಂಟು.