ಕನ್ನಡ ಘಟಕ ಪರೀಕ್ಷೆಯ ಪ್ರಶ್ನಾಂಶ ವಿಶ್ಲೇಷಣೆ: ಏಳನೆಯ ಪ್ರಶ್ನೆ ಕಲಿಸಿದ ಪಾಠ

ಬೋಧನಾಭ್ಯಾಸದಲ್ಲಿ ನನ್ನ ವಿಷಯ ಗಣಿತ. ಆದರೂ ಕನ್ನಡ ಬೋಧಿಸುತ್ತಿದ್ದ ಸಹಪಾಠಿಯು ಎಂಟನೆಯ ತರಗತಿಗೆ 20 ಅಂಕಗಳ ಘಟಕ ಪರೀಕ್ಷೆ ಸಿದ್ಧಪಡಿಸುವಾಗ ಬಹು ಆಯ್ಕೆಯ 10 ಪ್ರಶ್ನೆಗಳನ್ನು ಬರೆಯಲು ನಾನೂ ಕೈಜೋಡಿಸಿದೆ. ಹತ್ತಕ್ಕಿಂತ ಕಡಿಮೆ ಅಂಕ ಪಡೆದವರಿಗೆ ಆಟದ ಅವಧಿಯಲ್ಲಿ ಪರಿಹಾರ ಬೋಧನೆ ಎಂದು ತೀರ್ಮಾನಿಸಿದ್ದೆವು. ತರಗತಿಯಲ್ಲಿ ಪಟ್ಟಿ ಓದುವ ಮುನ್ನ ನಮ್ಮ ಮಾರ್ಗದರ್ಶಕರು, “ಮಕ್ಕಳನ್ನು ಪರೀಕ್ಷಿಸಿದ್ದಾಯಿತು, ಪ್ರಶ್ನೆಗಳನ್ನು ಪರೀಕ್ಷಿಸಿದಿರಾ?” ಎಂದು ಕೇಳಿದರು.

ಪ್ರಶ್ನಾಂಶ ವಿಶ್ಲೇಷಣೆ ಎಂದರೆ ಇದೇ. ಉತ್ತರ ಪತ್ರಿಕೆಗಳನ್ನು ಒಟ್ಟು ಅಂಕಗಳ ಇಳಿಕೆ ಕ್ರಮದಲ್ಲಿ ಜೋಡಿಸಬೇಕು. ಮೇಲಿನ ಶೇ. 27 ಮತ್ತು ಕೆಳಗಿನ ಶೇ. 27 ಪತ್ರಿಕೆಗಳನ್ನು ಬೇರ್ಪಡಿಸಬೇಕು. ಈ ಪ್ರಮಾಣವನ್ನು 1939ರಲ್ಲಿ ಟ್ರೂಮನ್ ಕೆಲ್ಲಿ ಸೂಚಿಸಿದರು. ನಮ್ಮ 40 ಮಕ್ಕಳಲ್ಲಿ ಪ್ರತಿ ಗುಂಪಿಗೆ 11 ಮಂದಿ ಬಂದರು.

ಎರಡೂ ಗುಂಪುಗಳಲ್ಲಿ ಸರಿಯುತ್ತರ ಬರೆದವರನ್ನು ಕೂಡಿಸಿ 22ರಿಂದ ಭಾಗಿಸಿದರೆ ಕಠಿಣತೆಯ ಸೂಚ್ಯಂಕ. ಹೆಸರು ಹೀಗಿದ್ದರೂ ಬೆಲೆ ಹೆಚ್ಚಾದಷ್ಟೂ ಪ್ರಶ್ನೆ ಸುಲಭ. ಮೇಲಿನ ಗುಂಪಿನ ಸರಿಯುತ್ತರಗಳಿಂದ ಕೆಳಗಿನ ಗುಂಪಿನವನ್ನು ಕಳೆದು 11ರಿಂದ ಭಾಗಿಸಿದರೆ ವಿಭೇದಕ ಸೂಚ್ಯಂಕ. ಎಬೆಲ್ ಅವರ ಮಾನದಂಡದಂತೆ ಇದು 0.40 ಅಥವಾ ಹೆಚ್ಚಿದ್ದರೆ ಪ್ರಶ್ನೆ ಉತ್ತಮ, 0.20ಕ್ಕಿಂತ ಕಡಿಮೆಯಿದ್ದರೆ ದುರ್ಬಲ.

ನಮಗೆ ದೊರೆತ ಮೂರು ಫಲಿತಾಂಶಗಳು:

ಪ್ರಶ್ನೆ 1: ಮೇಲೆ 11, ಕೆಳಗೆ 9. ಕಠಿಣತೆ 0.91, ವಿಭೇದಕತೆ 0.18.
ಪ್ರಶ್ನೆ 4: ಮೇಲೆ 10, ಕೆಳಗೆ 3. ಕಠಿಣತೆ 0.59, ವಿಭೇದಕತೆ 0.64.
ಪ್ರಶ್ನೆ 7: ಮೇಲೆ 4, ಕೆಳಗೆ 8. ಕಠಿಣತೆ 0.55, ವಿಭೇದಕತೆ –0.36.

ಮೊದಲನೆಯದು ಎಲ್ಲರಿಗೂ ಬರಲೇಬೇಕಾದ ಸಾಮರ್ಥ್ಯದ ಪ್ರಶ್ನೆ; ಸೂಚ್ಯಂಕ ಕಡಿಮೆಯೆಂದು ಕೈಬಿಡಬೇಕಿಲ್ಲ. ಏಳನೆಯದರ ಕಠಿಣತೆ ಮಾತ್ರ ನೋಡಿದ್ದರೆ ಅದನ್ನು ಒಳ್ಳೆಯ ಪ್ರಶ್ನೆ ಎನ್ನುತ್ತಿದ್ದೆವು. ಅದನ್ನು ಬರೆದವನು ನಾನೇ: “‘ಅರಿ’ ಪದದ ಅರ್ಥವೇನು?” ಗದ್ಯಪಾಠದ ವಾಕ್ಯವನ್ನು ಮನಸ್ಸಿನಲ್ಲಿಟ್ಟು ‘ತಿಳಿ’ ಎಂಬುದನ್ನು ಸರಿಯುತ್ತರ ಮಾಡಿದ್ದೆ, ಪಾಠ ಓದದವರು ಸಿಕ್ಕಿಬೀಳಲಿ ಎಂದು ‘ಶತ್ರು’ವನ್ನೂ ಆಯ್ಕೆಗಳಲ್ಲಿ ಸೇರಿಸಿದ್ದೆ. ಆದರೆ ಆ ವಾಕ್ಯವನ್ನು ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟಿರಲಿಲ್ಲ.

ಸಂಖ್ಯೆ ದೋಷವಿರುವ ಜಾಗವನ್ನು ತೋರಿಸಿತು, ಕಾರಣ ಹೇಳಲಿಲ್ಲ. ಮಕ್ಕಳನ್ನೇ ಕೇಳಿದೆವು. “ಹಳಗನ್ನಡ ಪದ್ಯದಲ್ಲಿ ಅರಿ ಅಂದ್ರೆ ಶತ್ರು ಅಂತ ಮೇಡಂ ಹೇಳಿದ್ರಲ್ಲ ಸರ್?” ಎಂದಳು ಒಬ್ಬ ಹುಡುಗಿ. ಅವಳು ಹೇಳಿದ್ದು ಸರಿ. ಹೆಚ್ಚು ಓದಿದ ಮಕ್ಕಳೇ ನನ್ನ ಪ್ರಶ್ನೆಯಲ್ಲಿ ಅಂಕ ಕಳೆದುಕೊಂಡಿದ್ದರು. ಆ ಹುಡುಗಿಗೆ ಬಂದಿದ್ದದ್ದು 9 ಅಂಕ. ನಮ್ಮ ಪಟ್ಟಿಯಲ್ಲಿ ಅವಳ ಹೆಸರಿತ್ತು.

ಎರಡೂ ಉತ್ತರಗಳಿಗೆ ಅಂಕ ಕೊಟ್ಟು ಪಟ್ಟಿಯನ್ನು ತಿದ್ದಿದೆವು. ಪ್ರಶ್ನೆಯನ್ನೂ ಬದಲಿಸಿದೆವು: “‘ಮಾತನಾಡುವ ಮೊದಲು ವಿಷಯವನ್ನು ಅರಿ’ ಎಂಬ ವಾಕ್ಯದಲ್ಲಿ ‘ಅರಿ’ ಪದದ ಅರ್ಥವೇನು?” ಭಾಷೆಯಲ್ಲಿ ಪದದ ಅರ್ಥ ಸಂದರ್ಭವನ್ನು ಅವಲಂಬಿಸಿದೆ, ಸಂದರ್ಭ ಕೊಡದೆ ಅರ್ಥ ಕೇಳಿದರೆ ಪರೀಕ್ಷೆಯ ಸಿಂಧುತ್ವವೇ ಕುಂದುತ್ತದೆ.

ಒಂದು ಎಚ್ಚರಿಕೆ: ಗುಂಪಿನಲ್ಲಿ 11 ಮಂದಿಯಿದ್ದರೆ ಒಂದೇ ಉತ್ತರದಿಂದ ವಿಭೇದಕ ಸೂಚ್ಯಂಕ 0.09ರಷ್ಟು ಬದಲಾಗುತ್ತದೆ. ಆದ್ದರಿಂದ ಸಣ್ಣ ವ್ಯತ್ಯಾಸಗಳಿಗೆ ಹೆಚ್ಚು ಅರ್ಥ ಹಚ್ಚಬಾರದು. ಆದರೆ ಋಣ ಬೆಲೆ ಬಂದ ಪ್ರಶ್ನೆಯನ್ನು ಪುನಃ ಓದದೆ ಬಿಡಬಾರದು. ಈ ಲೆಕ್ಕಕ್ಕೆ ನಮಗೆ ಹಿಡಿದದ್ದು ಒಂದು ಬಿಡುವಿನ ಅವಧಿ. ಅಂಕಪಟ್ಟಿಗೆ ಸಹಿ ಹಾಕುವ ಮೊದಲೇ ಅದನ್ನು ಮಾಡುವುದು ಒಳ್ಳೆಯದು.