ಮೆಚ್ಚಿದ ಪದ, ಮೆಚ್ಚದ ಪದ

ಒಬ್ಬ ಗಾಯಕನ ಹಾಡುಗಳಲ್ಲಿ ಇದು ಪ್ರಿಯ, ಅದು ಅಪ್ರಿಯ ಎಂದು ವಿಂಗಡಿಸುವುದು ರಸಿಕರ ಹಳೆಯ ಚಪಲ. ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯ ತತ್ವಪದಗಳ ವಿಷಯದಲ್ಲಿ ನಾನೂ ಆ ಚಪಲಕ್ಕೆ ಒಳಗಾದವನೇ. ನನ್ನ ಮನಸ್ಸಿನಲ್ಲಿರುವವರು ಶಹಾಪುರದ ಕಡೆಯ ಒಬ್ಬ ವೃದ್ಧ ಪದಗಾರರು. ಅಮಾವಾಸ್ಯೆಯ ಭಜನೆಗಳಲ್ಲಿ ಅವರನ್ನು ಎಷ್ಟೋ ವರ್ಷ ಕೇಳಿದ್ದೇನೆ. ಹೆಸರು ಹೇಳಿದರೆ ಅವರಿಗೆ ಸಂಕೋಚವಾದೀತು.

ಅವರ ವಾದ್ಯ ಏಕತಾರಿ. ಗಿಟಾರಿಗೆ ಆರು ತಂತಿಗಳು. ಮೆಟ್ಟುಗಳ ಮೇಲೆ ಬೆರಳೊತ್ತಿ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸಬಹುದು, ಕಂಠ ಸೋತಲ್ಲಿ ವಾದ್ಯ ಕೈಹಿಡಿಯುತ್ತದೆ. ಏಕತಾರಿಯ ಒಂಟಿ ತಂತಿ ಆಧಾರಶ್ರುತಿಯನ್ನು ಮಾತ್ರ ಮಿಡಿಯಬಲ್ಲುದು. ಧಾಟಿಯ ಹೊರೆಯೆಲ್ಲ ಕಂಠದ ಮೇಲೆ, ಅರ್ಥದ ಹೊರೆಯೆಲ್ಲ ಪದದ ಮೇಲೆ. ದಮ್ಮಡಿ, ತಾಳಗಳು ಲಯ ಕೊಟ್ಟಾವು, ಅಷ್ಟೆ.

ನನಗೆ ಅತ್ಯಂತ ಪ್ರಿಯವಾದವು ಅವರು ಹಾಡುತ್ತಿದ್ದ ಕಡಕೋಳ ಮಡಿವಾಳಪ್ಪನವರ ಪದಗಳು. ಜೇವರ್ಗಿ ಸೀಮೆಯ ಆ ಕಡಕೋಳ ನಮಗೆ ದೂರದ್ದಲ್ಲ. ಮಡಿವಾಳಪ್ಪನವರ ಶಿಷ್ಯರಾದ ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ ಇವರ ಪದಗಳೂ ನಮ್ಮ ಭಜನೆಗಳಲ್ಲಿ ಬೆರೆತಿವೆ. ಈ ಪರಂಪರೆಯ ಬೆಡಗಿನ ಪದಗಳಲ್ಲಿ ಮೇಲೆ ಹೊಲಮನೆಯ ಮಾತು, ಒಳಗೆ ಯೋಗದ ಮಾತು. ಪಲ್ಲವಿಯನ್ನು ಮೇಳದವರು ಎತ್ತಿಕೊಂಡು ಮುಗಿಸಿದ ಮೇಲೆ ನಮ್ಮ ಪದಗಾರರು ಕೂಡಲೇ ಮುಂದಿನ ನುಡಿಗೆ ಹೋಗುತ್ತಿರಲಿಲ್ಲ. ಬರಿಯ ತಂತಿ ನಾಲ್ಕು ಸಲ ಮಿಡಿಯುತ್ತಿತ್ತು. ಕೇಳುವವನ ಮನಸ್ಸು ಒಗಟಿನ ಗಂಟಿಗೆ ಕೈಹಾಕುತ್ತಿದ್ದುದು ಆ ಬಿಡುವಿನಲ್ಲಿಯೇ.

ಮೆಚ್ಚದವುಗಳಲ್ಲಿ ಹಾರ್ಮೋನಿಯಮ್ಮಿನೊಡನೆ ಸಿನಿಮಾ ಧಾಟಿಗೆ ಹಾಡಿದವುಗಳನ್ನು ಬಿಟ್ಟುಬಿಡೋಣ; ಅವು ಹುಡುಗರ ಒತ್ತಾಯಕ್ಕೆ ಹಾಡಿದವು. ನಿಜವಾಗಿ ನನಗೆ ಬೇಸರ ತರುತ್ತಿದ್ದುದು ಬೆಳಗಿನ ಜಾವ ಅವರು ತಪ್ಪದೆ ಹಾಡುತ್ತಿದ್ದ ಒಂದು ಪದ. ಪಂಚಭೂತಗಳು, ಆರು ಚಕ್ರಗಳು, ಅರಿಷಡ್ವರ್ಗ, ದೇಹದ ಒಂಬತ್ತು ದ್ವಾರಗಳು: ಎಲ್ಲವೂ ಲೆಕ್ಕ. ಧಾಟಿಯಲ್ಲಿ ಏರಿಲ್ಲ, ಇಳಿವಿಲ್ಲ. ಶಾನಭೋಗರ ಕಡತವನ್ನು ಓದಿದಂತೆ.

ಒಮ್ಮೆ ಕೇಳಿಯೇಬಿಟ್ಟೆ: "ಮುತ್ಯಾ, ಇದನ್ನ ಯಾಕ ಹಾಡತೀರಿ?"

"ರಾತ್ರಿಯೆಲ್ಲಾ ನಿಮಗ ಹಾಡೀನಿ ತಮ್ಮಾ. ಇದು ನನಗ. ಇದು ಮರೆತ್ರ ಉಳಿದ ಪದದ ಗಂಟು ಬಿಚ್ಚಾವರು ಯಾರು?"

ಅಕ್ಷರ ಬಾರದವರಿಗೆ ಗುರುವಿನ ಉಪದೇಶ ಎಣಿಕೆಯ ರೂಪದಲ್ಲಿಯೇ ನೆನಪಿನಲ್ಲಿ ಉಳಿಯಬೇಕಾಗಿತ್ತು. ಬೆಡಗಿನಲ್ಲಿ ಒಂಬತ್ತು ಬಾಗಿಲಿನ ಮನೆಯೆಂದರೆ ಈ ದೇಹವೆಂದು ನಾನು ಅರಿತದ್ದಾದರೂ ಎಲ್ಲಿಂದ? ಪ್ರತಿ ಅಮಾವಾಸ್ಯೆ ತೂಕಡಿಸುತ್ತ ಕೇಳಿದ ಆ ನೀರಸ ಪದದಿಂದಲೇ. ಮೆಚ್ಚಿದ ಪದದ ನಿಘಂಟು ಮೆಚ್ಚದ ಪದದಲ್ಲಿತ್ತು.

ಹೋದ ವರ್ಷದಿಂದ ಅವರ ಧ್ವನಿ ಏಳುತ್ತಿಲ್ಲ. ಬೆಡಗಿನ ಪದಗಳನ್ನು ಹುಡುಗರು ಚೆನ್ನಾಗಿಯೇ ಹಾಡುತ್ತಾರೆ. ಜನ ಕೇಳುವುದೂ ಅವುಗಳನ್ನೇ. ಬೆಳಗಿನ ಜಾವದ ಪದ ಎರಡು ನುಡಿಗಳವರೆಗೆ ಸಾಗಿ ನಿಲ್ಲುತ್ತದೆ. ಮೂರನೆಯ ನುಡಿ ಮೇಳದಲ್ಲಿ ಯಾರಿಗೂ ಬಾರದು, ನನಗೂ ಬಾರದು.